ಶುಕ್ರವಾರದ ಎಣ್ಣೆ

ನಾನು ಚಿಕ್ಕವಳಿದ್ದಾಗ ನನಗೆ ಜ್ವರ, ನೆಗಡಿ ಬಂದದ್ದು ಕಡಿಮೆ. ಹೊಟ್ಟೆಕಿಚ್ಚು ಬಂದದ್ದೇ ಹೆಚ್ಚು. ನಗಬೇಡಿ ಮಕ್ಕಳೇ. ನಿಮಗೂ ನನ್ನ ಅಕ್ಕನಂಥ ಅಕ್ಕ ಇದ್ದು, ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿದ್ದು, ನಿಮ್ಮದು ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಆಗ ಗೊತ್ತಾಗುತ್ತಿತ್ತು.

ನಮ್ಮೂರು ಕಂಪ್ಲಿ. ಕಾಲುವೆ ನೀರು ಬಂದು ಊರ ಸುತ್ತ ಭತ್ತ, ಕಬ್ಬು ಎದ್ದು ನಿಂತಿದ್ದ ಕಾಲ ಅದು. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಬೀಸುಕಲ್ಲು ತಿರುಗಿಸಿ ಸಾಕಾಗಿದ್ದ ಹೆಂಗಸರು ಜೋಳದ ಬುಟ್ಟಿ ಹೊತ್ತು ಹಿಟ್ಟಿನ ಗಿರಣಿ ಹುಡುಕುತ್ತಿದ್ದರು. ಅದನ್ನು ನೋಡಿದ ಅಪ್ಪ ಕಂಡವರ ಲಾರಿ ಓಡಿಸುವುದನ್ನು ಬಿಟ್ಟು ನಮ್ಮ ಓಣಿಯ ಬಾಯಿಗೇ ಒಂದು ಸಣ್ಣ ಗಿರಣಿ ಹಾಕಿದ. ಡೀಸೆಲ್ ಎಣ್ಣೆ ಕುಡಿದು ಓಡುವ ಇಂಜಿನ್ನು. ಅದು ಡುಗುಡುಗು ಎಂದು ಶುರುವಾದರೆ ಗೋಡೆಗೆ ಒರಗಿ ಕೂತ ನನ್ನ ಹಲ್ಲುಗಳೂ ಕುಣಿಯುತ್ತಿದ್ದವು. ಬಿಸಿ ಹಿಟ್ಟಿನ ಪರಿಮಳ, ಕಾದ ಬೆಲ್ಟಿನ ವಾಸನೆ, ಮೂಗು ಕಟ್ಟುವ ಹೊಗೆ. ಸಂಜೆ ಮನೆಗೆ ಬರುವಾಗ ಅಪ್ಪನ ಕಣ್ಣರೆಪ್ಪೆಯೂ ಬೆಳ್ಳಗಾಗಿರುತ್ತಿತ್ತು.

ಅಪ್ಪನಿಗೆ ಸಹಿ ಮಾಡುವಷ್ಟೇ ಓದು. ಹಾಗಾಗಿ ಗಿರಣಿಯ ಲೆಕ್ಕ ಬರೆಯುವ ಕೆಲಸ ಅಕ್ಕನಿಗೆ ಸಿಕ್ಕಿತು. ಶಾಲೆ ಬಿಟ್ಟ ಕೂಡಲೇ ಅವಳು ಗಲ್ಲಾಪೆಟ್ಟಿಗೆಯ ಪಕ್ಕ ಮಣೆ ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು. ಪುಟದ ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಅಪ್ಪ ಅವಳಿಗೆ ಹೇಳಿದ್ದು ಇಷ್ಟೇ: "ಗಲ್ಲಾದಾಗ ಬಿದ್ದದ್ದು ಬರಿ, ಗಲ್ಲಾದಿಂದ ತಗದದ್ದು ಬರಿ. ಬ್ಯಾರೆ ಏನೂ ಬರೀಬ್ಯಾಡ."

ಹಿಟ್ಟು ಬೀಸಿಸಲು ಬಂದ ಹೆಂಗಸರು "ಭಾಳ ಶ್ಯಾಣ್ಯಾಕಿ ನೋಡ್ರಿ ಈ ಹುಡುಗಿ" ಎಂದು ಅವಳನ್ನು ಹೊಗಳುತ್ತಿದ್ದರು. ನನಗೆ? ಬುಟ್ಟಿ ಹಿಡಿ, ಕಸಬರಿಗೆ ತಾ, ಎಣ್ಣೆ ತಾ. ಅವಳ ಬೆರಳಿಗೆ ನೀಲಿ ಶಾಯಿ, ನನ್ನ ಲಂಗಕ್ಕೆ ಕಪ್ಪು ಕಲೆ. ಊಟಕ್ಕೆ ಕೂತಾಗಲೂ ಅವಳು ಆ ಶಾಯಿ ಬೆರಳನ್ನು ತೊಳೆಯದೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಣ್ಣೆ ತರುವುದರಲ್ಲಿ ಒಂದು ತೊಡಕಿತ್ತು. ಶನಿವಾರ, ಭಾನುವಾರ ಗಿರಣಿ ತುಂಬ ಜನ. ಅಷ್ಟರೊಳಗೆ ಎಣ್ಣೆ ಬಂದಿರಬೇಕು. ಶನಿವಾರ ಎಣ್ಣೆ ಕೊಂಡರೆ ಶನಿ ಬೆನ್ನು ಹತ್ತುತ್ತಾನೆ ಎಂದು ನಮ್ಮ ಕಡೆ ನಂಬಿಕೆ. ಶುಕ್ರವಾರ ತರೋಣವೆಂದರೆ ಆ ದಿನ ಗಲ್ಲಾದಿಂದ ದುಡ್ಡು ತೆಗೆಯುವಂತಿಲ್ಲ, ಲಕ್ಷ್ಮಿ ಎದ್ದು ಹೋಗುತ್ತಾಳೆ. ಮೊದಲೇ ತಂದಿಡೋಣವೆಂದರೆ ಮನೆಯಲ್ಲಿ ಇದ್ದದ್ದು ಒಂದೇ ಡಬ್ಬಿ. ಅಪ್ಪ ಶನಿಯನ್ನೂ ಎದುರು ಹಾಕಿಕೊಳ್ಳುವವನಲ್ಲ, ಲಕ್ಷ್ಮಿಯನ್ನೂ ಬಿಡುವವನಲ್ಲ.

ದಾರಿ ಹುಡುಕಿದವಳು ಅವ್ವ. ಎಮ್ಮೆ ಹಾಲು ಮಾರಿ ಜೋಳದ ಗಡಿಗೆಯಲ್ಲಿ ಹುದುಗಿಸಿಟ್ಟ ದುಡ್ಡನ್ನು ತೆಗೆದು ಶುಕ್ರವಾರ ನನ್ನ ಕೈಗೆ ಕೊಡುತ್ತಿದ್ದಳು. ನಾನು ಎಣ್ಣೆ ಅಂಗಡಿಗೆ ಹೋಗಿ ಡಬ್ಬಿ ತುಂಬಿಸಿ, ಅದನ್ನು ಹೇರಿಕೊಂಡ ತಳ್ಳುಗಾಡಿಯವನ ಹಿಂದೆ ಕಾವಲುಗಾರ್ತಿಯ ಹಾಗೆ ನಡೆದು ಬರುತ್ತಿದ್ದೆ. ಲಕ್ಷ್ಮಿ ಗಲ್ಲಾದಲ್ಲೇ ಉಳಿದಳು, ಇಂಜಿನ್ನೂ ಓಡಿತು. ಅಪ್ಪನಿಗೆ ಹಾಲು ಕುಡಿದಷ್ಟು ಸಂತೋಷ.

ಹೀಗೇ ಕೆಲವು ತಿಂಗಳು ಕಳೆದ ಮೇಲೆ, ಒಂದು ಸೋಮವಾರ, ಹೊಸಪೇಟೆಯಿಂದ ಯಂತ್ರ ಮಾರುವ ಏಜೆಂಟ್ ಬಂದ. ಅಪ್ಪನಿಗೆ ಭತ್ತದ ಹೊಟ್ಟು ಬಿಡಿಸಿ ಅಕ್ಕಿ ಮಾಡುವ ಯಂತ್ರದ ಮೇಲೆ ಕಣ್ಣಿತ್ತು. ಗಲ್ಲಾದಲ್ಲಿದ್ದ ಎಲ್ಲ ಹಣ ಈಗ ಮುಂಗಡ ಕೊಡುವುದು, ಮಿಕ್ಕದ್ದನ್ನು ಗಿರಣಿಯ ಲಾಭದಿಂದ ತಿಂಗಳು ತಿಂಗಳು ಕಟ್ಟುವುದು ಎಂದು ಮಾತಾಗಿತ್ತು. ಒಂದು ತಿಂಗಳು ತಪ್ಪಿದರೆ ಯಂತ್ರವೂ ಹೋಯಿತು, ಮುಂಗಡವೂ ಹೋಯಿತು. ಆಮೇಲೆ ಅಪ್ಪ ಮತ್ತೆ ಕಂಡವರ ಲಾರಿ ಹತ್ತಬೇಕು.

"ಬರ್ರಿ, ಕುಂದ್ರಿ" ಎಂದು ಅಪ್ಪ ಅವನಿಗೆ ಚಹಾ ತರಿಸಿ, ಅಕ್ಕನಿಗೆ ಲೆಕ್ಕ ಓದಲು ಹೇಳಿದ. ಅವಳು ಜಡೆ ಮುಂದಕ್ಕೆ ಹಾಕಿಕೊಂಡು ಶಾಲೆಯಲ್ಲಿ ಪದ್ಯ ಓದುವ ಹಾಗೆ ಓದಿದಳು. ಪ್ರತಿ ತಿಂಗಳೂ ಒಳ್ಳೆಯ ಉಳಿತಾಯ! ಏಜೆಂಟ್ ಪುಟ ತಿರುವಿ ನೋಡಿ, "ಮಸ್ತ್ ಲೆಕ್ಕ ರೀ! ನಮ್ಮ ಆಫೀಸ್ನಾಗೂ ಇಷ್ಟು ಚಂದ ಬರಿಯಾಕ ಬರಲ್ಲ" ಎಂದು ತನ್ನ ಜೇಬಿನ ಪೆನ್ನನ್ನೇ ತೆಗೆದು ಅವಳಿಗೆ ಕೊಟ್ಟ. ಹಸಿರು ಬಣ್ಣದ ಪೆನ್ನು, ಬಂಗಾರದ ಬಣ್ಣದ ಕ್ಲಿಪ್ಪು. ಅಪ್ಪ ಮುಂಗಡ ಕೊಡಲು ಗಲ್ಲಾಪೆಟ್ಟಿಗೆಯ ಕೀಲಿ ತಿರುಗಿಸಿದ.

ನನ್ನ ಹೊಟ್ಟೆಯೊಳಗೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಕುಟ್ಟುತ್ತಿದ್ದರು. ಅವಳ ಲೆಕ್ಕದಲ್ಲಿ ಒಂದಾದರೂ ತಪ್ಪಿರಬಾರದೇ! ಗಿರಣಿ ಉಳಿಸಬೇಕು ಎಂಬುದೆಲ್ಲ ನನಗೆ ಗೊತ್ತಿರಲಿಲ್ಲ. ನನಗೆ ಅವಳ ತಪ್ಪು ಬೇಕಿತ್ತು, ಅಷ್ಟೇ. ಬಾಗಿಲ ಹತ್ತಿರದಿಂದಲೇ ಕೂಗಿದೆ:

"ನಾ ತರೋ ಶುಕ್ರವಾರದ ಎಣ್ಣಿ ಎಲ್ಲೈತಿ ಅದರಾಗ?"

"ಅದು ಗಲ್ಲಾದ ದುಡ್ಡಲ್ಲ, ಸುಮ್ನಿರಲೇ" ಎಂದಳು ಅಕ್ಕ.

"ಎಣ್ಣಿ ಕುಡದದ್ದು ಗಿರಣಿ ಹೌದಲ್ಲ?"

ಅಪ್ಪನ ಕೈ ಕೀಲಿಯ ಮೇಲೆಯೇ ನಿಂತಿತು. ಅವನು ಅವ್ವನನ್ನು ಕರೆಸಿದ. ಸಗಣಿ ಕೈ ತೊಳೆದುಕೊಂಡು ಬಂದ ಅವ್ವ, ಪ್ರತಿ ಸಲ ಎಷ್ಟೆಷ್ಟು ಕೊಟ್ಟಿದ್ದೆನೆಂದು ಹೇಳಿ, "ಅದನ್ಯಾಕ ಬರಿಯೋದು? ನಾ ಏನು ಹೊರಗಿನಾಕಿನ?" ಎಂದಳು.

"ನೀ ಹೊರಗಿನಾಕಿ ಅಲ್ಲ," ಎಂದ ಅಪ್ಪ, "ಆದ್ರ ಈ ಇಂಜಿನ್ನು ನಿನ್ನ ಎಮ್ಮಿ ಹಾಲು ಕುಡಿಯಾಕ ಹತ್ತೈತಿ. ನಾನು ಅದನ್ನ ಲಾಭ ಅಂತ ತಿಳಕೊಂಡೀನಿ."

ಅಕ್ಕ ಹಸಿರು ಪೆನ್ನಿನಲ್ಲೇ ಎಲ್ಲ ಶುಕ್ರವಾರಗಳ ಎಣ್ಣೆಯನ್ನು ಬಲಗಡೆ ಸೇರಿಸಿ ಮತ್ತೆ ಕೂಡಿ ಕಳೆದಳು. ಉಳಿತಾಯ ಕರಗಿ ಕರಗಿ ಒಂದು ಮುಷ್ಟಿಗೆ ಬಂತು. ಕಂತು ಕಟ್ಟಲು ಅದು ಏನೇನೂ ಸಾಲದು. ಅಪ್ಪ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ಬ್ಯಾಡ್ರಿ, ಮುಂದ ನೋಡೋಣು" ಎಂದ. ಏಜೆಂಟ್ ಚಹಾ ಮುಗಿಸಿ ಬಸ್ಸಿಗೆ ಹೋದ. ಪೆನ್ನು ಮಾತ್ರ ವಾಪಸು ಕೇಳಲಿಲ್ಲ, ಅದೊಂದು ನನ್ನ ದುರದೃಷ್ಟ.

ಆಮೇಲೆ ಅಪ್ಪ ಹೊಸ ಪುಟ ತೆಗೆಸಿ ಅದರ ನೆತ್ತಿಯ ಮೇಲೆ 'ಅವ್ವ' ಎಂದು ಬರೆಸಿದ. ಗಿರಣಿ ಅವ್ವನಿಗೆ ಕೊಡಬೇಕಾದದ್ದೆಲ್ಲ ಅಲ್ಲಿ ಸೇರಿತು. ಓದು ಬಾರದ ಅವ್ವ "ನನ್ನ ಹೆಸರು ಯಾವುದು, ತೋರಸು" ಎಂದು ಕೇಳಿ, ಒಣಗದ ಶಾಯಿಯ ಪಕ್ಕ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ನನಗೆ ಅವ್ವನ ಮೇಲೂ ಹೊಟ್ಟೆಕಿಚ್ಚಾಯಿತು. ತಪ್ಪು ಹಿಡಿದವಳು ನಾನು, ಹೆಸರು ಅವ್ವನದು! "ನನ್ನ ಹೆಸರೂ ಬರೀರಿ!" ಎಂದು ಗಿರಣಿಯ ಹಿಟ್ಟಿನ ನೆಲದ ಮೇಲೆ ಉರುಳಾಡಿ ಅತ್ತೆ. ಅಪ್ಪ ನಕ್ಕು ಅಕ್ಕನ ಕಡೆ ತಿರುಗಿ, "ಬರಿಯವ್ವ, ಎಣ್ಣಿ ತಂದ ಕೂಲಿ ಅಂತ ಈಕಿಗೆ ವಾರಕ್ಕ ಹತ್ತು ಪೈಸೆ" ಎಂದ.

ಅಕ್ಕ ಬರೆದಳು. ಬರೆದು ಪೆನ್ನು ಕೆಳಗಿಟ್ಟು, ಮೆಲ್ಲಗೆ ಕೇಳಿದಳು: "ಮತ್ತ ಲೆಕ್ಕ ಬರಿಯಾಕಿಗೆ?"

"ನಿನಗ್ಯಾಕ? ನೀ ಮನಿ ಮಗಳು" ಎಂದು ಅಪ್ಪ ಇಂಜಿನ್ನಿನ ಕಡೆ ನಡೆದ. ಅದು ಡುಗುಡುಗು ಎಂದಿತು. ಅವಳು ಇನ್ನೂ ಏನೋ ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವಳು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ದಿನಾ ನಾನು ಅವಳನ್ನು ನೋಡುತ್ತಿದ್ದ ನೋಟವೇ ಅದು. ಅಂದಿನ ರೊಟ್ಟಿ ನನಗೆ ಎಂದಿಗಿಂತ ರುಚಿಯಾಗಿತ್ತು. ಅವಳು ಬೆರಳಿನ ಶಾಯಿಯನ್ನು ತಿಕ್ಕಿ ತಿಕ್ಕಿ ತೊಳೆದು ಊಟಕ್ಕೆ ಕೂತಳು. ಮದುವೆಯಾಗಿ ಹೋಗುವವರೆಗೂ ಆ ಲೆಕ್ಕವನ್ನು ಅವಳೇ ಬರೆದಳು, ಅದರಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ.

ಈಗ ನನ್ನ ಮಗ, ನಿಮ್ಮ ಅಪ್ಪ, ಹೊಸಪೇಟೆಯಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟಿದ್ದಾನೆ. ಗಿರಾಕಿಯ ಫೋನಿನಿಂದ ದುಡ್ಡು ಬಂದರೆ ಮೇಜಿನ ಮೇಲಿನ ಪುಟ್ಟ ಡಬ್ಬಿಯೇ ಕೂಗಿ ಹೇಳುತ್ತದೆ. ಶುಕ್ರವಾರವೋ ಶನಿವಾರವೋ ಅದಕ್ಕೆ ಗೊತ್ತಿಲ್ಲ. ಶಾಯಿ ಇಲ್ಲ, ಮಣೆ ಇಲ್ಲ. ಪುಟ್ಟಿ, ಮೊನ್ನೆ ನೀನು ಫೋನಿನಲ್ಲಿ ಹಾಕಿದ ಅಂಗಡಿ ಲೆಕ್ಕವನ್ನು ನನಗೆ ತೋರಿಸಿದೆ. ನಿನ್ನ ತಮ್ಮ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ನಾನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದೆ. ನೀರು, ಸೋಪು, ಕರೆಂಟು, ಹುಡುಗರ ಸಂಬಳ, ನಿಮ್ಮ ಅಮ್ಮ ಕೊಟ್ಟ ಸಾಲ, ಎಲ್ಲ ಇತ್ತು. ಬರೆದವಳಿಗೆ ಒಂದು ಸಾಲೂ ಇರಲಿಲ್ಲ. ಹೋಗು, ಈಗಲೇ ನಿನ್ನ ಅಪ್ಪನನ್ನು ಕೇಳು. ತಮ್ಮನಿಗೆ ಹೊಟ್ಟೆ ಉರಿದರೆ ಉರಿಯಲಿ ಬಿಡು, ನಾಳೆ ಅವನೂ ನಿನ್ನ ಲೆಕ್ಕದಲ್ಲಿ ಒಂದು ತಪ್ಪು ಹಿಡಿಯುತ್ತಾನೆ.