ಮೂಲೆಯ ಹಂದಿಗೂ ಒಂದು ಹಗ್ಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಂದಿ ಫಾರ್ಮಿನ ಶೆಡ್ಡಿನಲ್ಲಿ ಗಮ್‌ಬೂಟು ಮೆಟ್ಟಿ, ಮಾಸ್ಕ್ ಬಿಗಿದ ಹೆಂಗಸೊಬ್ಬರು ಕಂಬಿಗೆ ಹತ್ತಿಯ ಹಗ್ಗ ಕಟ್ಟುತ್ತಿದ್ದಾರೆ. ಗಂಟು ಬೀಳುವ ಮೊದಲೇ ಹಂದಿಗಳು ನಾ ಮುಂದು ತಾ ಮುಂದು ಎಂದು ನುಗ್ಗಿ ಜಗಿಯುತ್ತವೆ. ಅರ್ಧ ಗಂಟೆಯ ನಂತರ ಆ ಹಗ್ಗವನ್ನು ಚೀಲದೊಳಗೆ ಹಿಂಡಿ ಜೊಲ್ಲು ತೆಗೆಯಬೇಕು. ಹಂದಿಜ್ವರದ ವೈರಸ್ ಎಷ್ಟು ದೊಡ್ಡಿಗಳಲ್ಲಿ ಹರಡಿದೆ ಎಂಬುದನ್ನು ಲ್ಯಾಬಿನವರು ಅದರಿಂದಲೇ ಪತ್ತೆ ಹಚ್ಚುತ್ತಾರೆ.

ಎಲ್ಲರಿಗೂ ಇವರು ‘ಹಗ್ಗದಕ್ಕ’. ಹನ್ನೊಂದು ವರ್ಷಗಳಿಂದ ದಿನಕ್ಕೆ ಮೂರು ಫಾರ್ಮು, ನಲವತ್ತು ಹಗ್ಗ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರುವುದಿಲ್ಲ. “ಒಳ್ಳೇದೇ ಆಯ್ತು, ಆರಾಮಾಗಿ ಕೂತ್ಕೊಂಡು ಬರ್ತೀನಿ. ಮನೇಲಿ ನಮ್ಮೋರು ಬಾಗಿಲಲ್ಲೇ ಸೋಪು ಹಿಡ್ಕೊಂಡು ನಿಂತಿರ್ತಾರೆ” ಎಂದು ನಗುತ್ತಾರೆ.

ಒಂದು ವಿಷಯ ಬಂದಾಗ ಮಾತ್ರ ಆ ನಗು ಮಾಯವಾಗುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಫಾರ್ಮಿಗೆ ‘ವೈರಸ್ ಇಲ್ಲ’ ಎಂಬ ವರದಿ ಬಂದಿತ್ತು. ವಾರದೊಳಗೆ ಅಲ್ಲಿ ದೊಡ್ಡಿ ತೊಳೆಯುವಾತ ಅದೇ ಹಂದಿಜ್ವರದಿಂದ ಆಸ್ಪತ್ರೆ ಸೇರಿದ. ಹದಿನೆಂಟು ದಿನ ಸಾವು ಬದುಕಿನ ನಡುವೆ ಒದ್ದಾಡಿ ಉಳಿದುಕೊಂಡ. “ತಪ್ಪು ನಂದೇ. ಗಟ್ಟಿಮುಟ್ಟಾಗಿರೋವೇ ಬಂದು ಹಗ್ಗ ಜಗಿದಿದ್ವು. ಕಾಯಿಲೆ ಇದ್ದಿದ್ದು ಎದ್ದೇಳೋಕಾಗದೆ ಮೂಲೇಲಿ ಬಿದ್ದಿತ್ತು. ನಾನು ಅದರ ಕಡೆ ನೋಡ್ಲೇ ಇಲ್ಲ.”

ಅಂದಿನಿಂದ ಅವರು ಪ್ರತಿ ದೊಡ್ಡಿಯಲ್ಲೂ ಎರಡನೆಯ ಹಗ್ಗವನ್ನು ಮೂಲೆಯಲ್ಲಿ, ಮಲಗಿದ ಹಂದಿಯ ಬಾಯಿಗೆ ಎಟಕುವಂತೆ ಕಟ್ಟಿ ಕಾಯುತ್ತಾರೆ. ಹೀಗೆ ಮಾಡಿ ಎಂದು ಯಾರೂ ಹೇಳಿಲ್ಲ, ಅದಕ್ಕೆ ಹೆಚ್ಚಿನ ಸಂಬಳವೂ ಇಲ್ಲ. ಇಂಥವರಿಂದಲೇ ನಾವೆಲ್ಲ ನೆಮ್ಮದಿಯಾಗಿ ಉಸಿರಾಡುತ್ತಿದ್ದೇವೆ ಎನ್ನಲು ನನಗಂತೂ ಸಂಕೋಚವಿಲ್ಲ.

ಇಂದು ಫಾರ್ಮಿನ ಯಜಮಾನರಿಗೆ ಅವಸರ. “ಇನ್ನೂ ಎಷ್ಟು ಹೊತ್ತಮ್ಮ? ಎಲ್ಲಾ ಚೆನ್ನಾಗೇ ಇದಾವಲ್ಲ.” ಬಾಗಿಲಾಚೆ ಅವರ ಸೊಸೆ, ಏಳು ತಿಂಗಳ ಬಸುರಿ, ಬಕೆಟ್ಟು ಹಿಡಿದು ಒಳಬರಲು ಕಾಯುತ್ತಿದ್ದಾಳೆ. ಬಸುರಿಯರಿಗೆ ಈ ಜ್ವರ ತಗುಲಿದರೆ ಜೀವಕ್ಕೇ ಕುತ್ತು. ಹಗ್ಗದಕ್ಕ ಜಗ್ಗುವುದಿಲ್ಲ. “ಆ ಮೂಲೇದು ಇನ್ನೂ ಬಾಯಿ ಹಾಕಿಲ್ಲ ಯಜಮಾನ್ರೆ. ವರದಿ ಬರೋವರೆಗೂ ಆ ಹುಡುಗೀನ ಒಳಗೆ ಬಿಡ್ಬೇಡಿ.” ಒಂದೂವರೆ ಗಂಟೆ ಕುಕ್ಕರಗಾಲಿನಲ್ಲಿ ಕೂತು ಆ ಜೊಲ್ಲನ್ನೂ ಹಿಂಡಿಯೇ ಹೊರಡುತ್ತಾರೆ.

ಮೂರನೆಯ ದಿನ ವರದಿ ಬರುತ್ತದೆ. ಹನ್ನೆರಡು ಹಗ್ಗಗಳಲ್ಲಿ ಎರಡರಲ್ಲಿ ವೈರಸ್. ಎರಡೂ ಮೂಲೆಯವೇ. ಯಜಮಾನರು ಅಂದೇ ಸೊಸೆಯನ್ನು ತವರಿಗೆ ಕಳಿಸುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹಗ್ಗದಕ್ಕ ತುಸು ನಾಚುತ್ತಾರೆ. “ಆ ಹುಡುಗೀಗೆ ಹೆರಿಗೆ ಆದ್ಮೇಲೆ ಯಾರಾದ್ರೂ ಒಂದು ಫೋನ್ ಮಾಡಿದ್ರೆ ಸಾಕು. ಲ್ಯಾಬಿನ ವರದೀಲಿ ಅದೆಲ್ಲ ಬರಲ್ವಲ್ಲ.”