ಸರ್ಕಾರದ ಎಣ್ಣೆ

ಎಣ್ಣೆ ಮುಗಿದಿರಲಿಲ್ಲ, ನಿಂಗಯ್ಯನವರೇ. ಅಕ್ಕಿಹೆಬ್ಬಾಳಿನ ಹತ್ತಿರದ ನಮ್ಮೂರಿನ ರಾತ್ರಿ ಶಾಲೆಯಲ್ಲಿ ನಾನು ಲಾಟೀನಿನ ಬತ್ತಿ ತಗ್ಗಿಸಿ, "ಎಣ್ಣೆ ತೀರಿತು, ಇವತ್ತಿಗೆ ಸಾಕು" ಎಂದು ನಿಮ್ಮೆಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದೆನಲ್ಲ—ಅದು ಸುಳ್ಳು. ನಿಮ್ಮ ಓದಿಗೆಂದು ಸರ್ಕಾರ ಕೊಟ್ಟ ಸೀಮೆಎಣ್ಣೆಯನ್ನು ಮನೆಗೆ ಒಯ್ದು ನನ್ನ ಓದಿಗೆ ಉರಿಸಿಕೊಂಡೆ.

ನನಗೆ ಹೈಸ್ಕೂಲು ಮೇಷ್ಟ್ರಾಗುವ ಹುಚ್ಚು. ಅದಕ್ಕೆ ಮೈಸೂರಿನಲ್ಲಿ ಪರೀಕ್ಷೆ ಕಟ್ಟಬೇಕಿತ್ತು. ಹಗಲೆಲ್ಲ ಮಕ್ಕಳ ಶಾಲೆ, ಸಂಜೆ ಊರಾಚೆಯ ಮಂಟಪದಲ್ಲಿ ನಿಮ್ಮ ಕೇರಿಯ ದೊಡ್ಡವರಿಗೆ, ಪಾಸಾದರೆ ಮೇಷ್ಟ್ರ ಕೆಲಸ ಸಿಗುವ ಲೋಯರ್ ಸೆಕೆಂಡರಿ ಪರೀಕ್ಷೆಯ ಪಾಠ—ನನ್ನ ಪುಸ್ತಕ ಹಿಡಿಯುವುದು ಯಾವಾಗ? ಹೀಗೆ ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇದ ಗಾದೆಗೆ ನಿಮಗೆಲ್ಲ ಅರ್ಥ ಬಿಡಿಸಿ ಹೇಳಿದ ಮಹಾನುಭಾವನೂ ನಾನೇ!

ನೀವು ಯಾಕೆ ಓದಲು ಬಂದಿರೆಂದು ನನಗೆ ಗೊತ್ತಿತ್ತು. ಮೊದಲ ದಿನವೇ ಹೇಳಿದ್ದಿರಿ: "ನಮ್ಮ ಕೇರಿಗೆ ಯಾವ ಮೇಷ್ಟ್ರೂ ಕಾಲಿಡಾಕಿಲ್ಲ ಬುದ್ಧಿ. ನಾನೇ ಓದ್ಕಂಡು ಮೇಷ್ಟ್ರಾಯ್ತೀನಿ." ನನಗಿಂತ ಹತ್ತು ವರ್ಷ ಹಿರಿಯರು ನೀವು. ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ಆಮೇಲೆ ಆ ಸಂಜೆ—ಇದನ್ನೂ ಬರೆಯಲೇಬೇಕು—ನೀವು ಒಂದು ಗಿಂಡಿ ಹರಳೆಣ್ಣೆ, ಒಂದು ಹಣತೆ ತಂದು ಮಂಟಪದ ಮೆಟ್ಟಿಲ ಮೇಲಿಟ್ಟಿರಿ. "ಸರ್ಕಾರದೆಣ್ಣೆ ಸಾಲ್ದಿದ್ರೆ ನಮ್ಮನೇದು ಐತೆ ಬುದ್ಧಿ. ಇನ್ನೊಂದು ಪಾಠ ಮಾಡ್ಬುಡಿ."

ಹಣತೆ ಹಚ್ಚಿದರೆ ಪಾಠ ಮುಂದುವರಿದು ನನ್ನ ಓದು ಕೆಡುತ್ತಿತ್ತು. "ಆ ಎಣ್ಣೆ ಬೇಡ, ತಗೊಂಡು ಹೋಗು" ಎಂದೆ.

ನಿಮ್ಮ ಮುಖ ಕಪ್ಪಿಟ್ಟಿತು. ನಿಮ್ಮ ಮನೆಯ ಎಣ್ಣೆಯನ್ನು ನಾನು ಮುಟ್ಟಬಾರದೆಂದೇ ನೀವು ತಿಳಿದಿರಿ. "ತೆಪ್ಪಾಯ್ತು ಬುದ್ಧಿ, ಗ್ಯಾನ ಇಲ್ದೆ ತಂದ್ಬುಟ್ಟೆ" ಎಂದು ನೀವೇ ಕೈಮುಗಿದಿರಿ. ಹಾಗಲ್ಲ ಎನ್ನಲು ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ನನ್ನ ಕಳ್ಳತನಕ್ಕೆ ನಿಮ್ಮ ಜಾತಿಯನ್ನು ಮರೆ ಮಾಡಿಕೊಂಡು ನಿಂತೆ. ಕದ್ದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತದೆ.

ಇನ್‌ಸ್ಪೆಕ್ಟರು ಬಂದಾಗ ಪಾಠ ಅರ್ಧವೂ ಆಗಿರಲಿಲ್ಲ. ಪರೀಕ್ಷೆಗೆ ಒಬ್ಬರೂ ಯಾಕೆ ತಯಾರಾಗಿಲ್ಲವೆಂದು ನಿಮ್ಮೆದುರೇ ಕೇಳಿದರು. "ಇವರಿಗೆ ಆಸಕ್ತಿ ಸಾಲದು ಸ್ವಾಮಿ" ಎಂದೆ. ನೀವು ತಲೆ ತಗ್ಗಿಸಿದಿರಿ. ತಿಂಗಳು ಕಳೆಯುವುದರೊಳಗೆ ಸರ್ಕಾರದ ಹಣ ನಿಂತಿತು, ಶಾಲೆ ಮುಚ್ಚಿತು. ನಾನು ಪರೀಕ್ಷೆಯಲ್ಲಿ ಪಾಸಾದೆ—ಹೈಸ್ಕೂಲು, ಬಡ್ತಿ, ಪೆನ್ಷನ್ನು, ಎಲ್ಲವೂ ಬಂತು. ನಿಮ್ಮ ಕೇರಿಗೆ ಮಾತ್ರ ಇವತ್ತಿಗೂ ಮೇಷ್ಟ್ರು ಬಂದಿಲ್ಲ.

ಈಗ ದೊಡ್ಡವರ ಶಾಲೆಗೆ ಸರ್ಕಾರ ಮತ್ತೆ ಹಣ ಕೊಡುತ್ತಿದೆ. ನಿಮ್ಮ ಕೇರಿಯವರೂ ಕೇಳಿದರಂತೆ. "ಅಲ್ಲಿ ಹಿಂದೆಯೇ ಕೊಟ್ಟು ನೋಡಿದ್ದೇವೆ, ಅವರಿಗೆ ಆಸಕ್ತಿಯಿಲ್ಲ" ಎಂದು ಪೇಟೆಯ ಕಚೇರಿಯಲ್ಲಿ ಹೇಳಿ ಕಳಿಸಿದರಂತೆ. ಅದು ನನ್ನ ಮಾತು, ನಿಂಗಯ್ಯನವರೇ. ಇಷ್ಟು ವರ್ಷವಾದರೂ ಸತ್ತಿಲ್ಲ. ಈಗ ನಿಮ್ಮ ಮಕ್ಕಳ ದಾರಿಗೂ ಅಡ್ಡ ಮಲಗಿದೆ.

ನಿಮಗೆ ಮೇಷ್ಟ್ರಾಗುವ ವಯಸ್ಸು ದಾಟಿತು. ಅದನ್ನು ನಾನು ಹಿಂದಕ್ಕೆ ಕೊಡಲಾರೆ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ—ಕೇಳಿದರೆ ನೀವು "ಬುಡಿ ಬುದ್ಧಿ" ಎಂದುಬಿಡುತ್ತೀರಿ, ಅದನ್ನು ತಡೆದುಕೊಳ್ಳಲು ನನ್ನಿಂದಾಗದು.

ಸೋಮವಾರ ಕಚೇರಿಗೆ ಹೋಗಿ ನಡೆದದ್ದನ್ನು ಹೇಳುತ್ತೇನೆ. ಪೆನ್ಷನ್ನು ಹೋದರೆ ಹೋಗಲಿ. ಅಲ್ಲಿಂದ ನೇರ ನಿಮ್ಮ ಕೇರಿಗೆ ಬರುತ್ತೇನೆ. ಅಂದು ಪಾಠಕ್ಕೆ ಬರುತ್ತಿದ್ದವರಲ್ಲಿ ಉಳಿದವರನ್ನು ಕರೆಸಿ. ಅವರೆಲ್ಲರೆದುರು, ನಿಮ್ಮ ಮನೆಯ ಮುಂದೆ ನಿಂತು ಹೇಳುತ್ತೇನೆ: ಎಣ್ಣೆ ಇತ್ತು.