ಬ್ರೆಡ್ ಟ್ರೇ ಮೇಲಿನ ಟ್ರಾನ್ಸ್‌ಮಿಟರ್

ನಮ್ಮ ಭಾವ ಕಾಲಿಟ್ಟ ಮನೆಯಲ್ಲಿ ಕರೆಗಂಟೆ ನೆಮ್ಮದಿಯಿಂದ ಬಾಳುವುದಿಲ್ಲ. ಬಾಗಿಲಲ್ಲಿ ನಿಂತು ಗುಂಡಿ ಒತ್ತುತ್ತಾರೆ. ಗಂಟೆ ತುಸು ತಡವರಿಸಿತೋ, ಮುಗಿಯಿತು ಅದರ ಕಥೆ. ಒಳಗಿದ್ದವರು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಗುಂಡಿಯ ಮುಚ್ಚಳ ಅವರ ಅಂಗೈಯಲ್ಲಿರುತ್ತದೆ, ಸ್ಕ್ರೂ ತುಟಿಗಳ ನಡುವೆ ಇರುತ್ತದೆ. "ಈ ಬೆಸುಗೆ ಯಾರು ಹಾಕಿದ್ದು?" ಎಂಬುದೇ ಅವರ ಕುಶಲಪ್ರಶ್ನೆ. ವೀರರ ಒರೆಯಿಂದ ಖಡ್ಗ ಬಂದಂತೆ ಕೈಚೀಲದಿಂದ ಸಾಲ್ಡರಿಂಗ್ ಐರನ್ ಹೊರಬರುತ್ತದೆ. ಭೂಮಿಯ ಮೇಲೆ ಕೆಟ್ಟ ಬೆಸುಗೆ ಒಂದಾದರೂ ಉಳಿದಿರುವ ತನಕ ಕುರ್ಚಿಯಲ್ಲಿ ಕೂರುವುದಿಲ್ಲವೆಂದು ಅವರು ಯಾವ ಜನ್ಮದಲ್ಲೋ ಶಪಥ ಮಾಡಿರಬೇಕು. ಒಮ್ಮೆ ಬೀಗರನ್ನು ನೋಡಲು ಆಸ್ಪತ್ರೆಗೆ ಹೋದವರು ನರ್ಸನ್ನು ಕರೆಯುವ ಗಂಟೆಯನ್ನೇ ಬಿಚ್ಚಿ ಕೂತರು. ನೀರು ಬೇಕೆಂದು ಒತ್ತುತ್ತ ಒತ್ತುತ್ತ ಬೀಗರಿಗೆ ನಿದ್ದೆ ಹತ್ತಿತು. ಎದ್ದು ಮತ್ತೆ ಒತ್ತಿದಾಗ ಅದು ಹೊಡೆದುಕೊಂಡ ರಭಸಕ್ಕೆ ಕೆಳಗಿನ ಮಹಡಿಯ ನರ್ಸುಗಳೂ ಓಡಿ ಬಂದರು.

ಕಸುಬಿನಲ್ಲಿ ಭಾವ ಕಟ್ಟುಹಲ್ಲು ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ: ಪ್ಲಾಸ್ಟರ್ ಪುಡಿ, ಮೇಣದ ಹಾಳೆ, ಗುಲಾಬಿ ಬಣ್ಣದ ಒಸಡುಗಳು, ಗಿರಗಿರ ತಿರುಗುವ ಪಾಲಿಷ್ ಚಕ್ರ. ನಾಲಗೆಗೆ ಎಳ್ಳಷ್ಟು ಒರಟು ತಗುಲಿದರೂ ಗಿರಾಕಿ ಮರುದಿನ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನಿಲ್ಲುತ್ತಾನೆ. ಹಾಗಾಗಿ ನುಣುಪೆಂಬುದು ಅವರ ಮೈಗೇ ಹತ್ತಿಬಿಟ್ಟಿದೆ. ಎದುರು ಗೋಡೆಯ ಕಪಾಟಿನಲ್ಲಿರುವುದು ಅವರ ಎರಡನೆಯ ಸಂಸಾರ, ಹವ್ಯಾಸಿಗಳು ಮನೆಯಲ್ಲೇ ಕೂತು ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ. ಗಾಜಿನ ವಾಲ್ವುಗಳು, ತಂತಿಯ ಸುರುಳಿಗಳು, ಹೆಡ್‌ಫೋನು, ಮೋರ್ಸ್ ಕೀ. ಹಲ್ಲಿನ ಸೆಟ್ಟುಗಳು ದಿನವಿಡೀ ಇವನ್ನು ನೋಡಿ ಕಿಸಿಯುತ್ತಿರುತ್ತವೆ. ಅಕ್ಕ ಮಾತ್ರ ನಗುವುದಿಲ್ಲ. ತಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೋ, ಈಗ ತನ್ನನ್ನೂ ಕಪಾಟಿನಲ್ಲಿಟ್ಟರೆ ಒರೆಸುವವರಾದರೂ ಸಿಗುತ್ತಾರೆ ಎನ್ನುತ್ತಾಳೆ.

ಇಂಥ ವೀರನಿಗೆ ತಕ್ಕ ವೈರಿಯೂ ಇದ್ದರು. ಬೀದಿಯ ಕೊನೆಯ ಬೇಕರಿಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿ, ಒಂದೇ ನಕ್ಷೆ ನೋಡಿ, ಒಂದೊಂದು ಟ್ರಾನ್ಸ್‌ಮಿಟರ್ ಕಟ್ಟಿದರು. ಭಾವ ಹೊಸ ತಗಡು ತಂದು ಅಂಚು ಬಗ್ಗಿಸಿ ಉಜ್ಜಿ ಹೊಳೆಯಿಸಿದರು. ಬೇಕರಿಯವರು ಅಂಗಡಿಯ ಬ್ರೆಡ್ ಟ್ರೇಯೊಂದನ್ನು ಬೋರಲು ಹಾಕಿ, ತೂತು ಕೊರೆದು, ಅದರ ಮೇಲೇ ವಾಲ್ವು ಕೂರಿಸಿದರು. ಬೆಸುಗೆ ಹಾಕಿದ್ದು ಕೇಕಿನ ಮೇಲೆ ಕ್ರೀಮು ಇಟ್ಟ ಹಾಗೆ, ಗುಪ್ಪೆ ಗುಪ್ಪೆಯಾಗಿ, ತುದಿಯಲ್ಲಿ ಒಂದು ಸುಳಿ.

ಇವರ ಮಾತುಕತೆಯೆಲ್ಲ ಮೋರ್ಸ್ ಕೀ ಒತ್ತಿ ಕಳಿಸುವ ಗಿಡ್ಡ, ಉದ್ದ ಸದ್ದುಗಳಲ್ಲಿ. ಭಾವನ ಸದ್ದು ಗೆರೆ ಎಳೆದಂತೆ ನೇರ. ಬೇಕರಿಯವರದು ಹಾಗಲ್ಲ. ಕೀ ಒತ್ತಿದಾಗಲೆಲ್ಲ ಒಳಗೆ ವೋಲ್ಟೇಜು ಕುಸಿದು ಸ್ವರ ಜಾರುತ್ತಿತ್ತು. ನಾಯಿಮರಿಯ ಬಾಲ ತುಳಿದಂತೆ ಕುಂಯ್, ಕುಂಯ್. ಪ್ರತಿ ಭಾನುವಾರ ಬೆಳಗ್ಗೆ ದೂರದೂರದ ಹಳೆಯ ಹ್ಯಾಮುಗಳೆಲ್ಲ ಗಾಳಿಯಲ್ಲಿ ಒಂದೆಡೆ ಸೇರುತ್ತಾರೆ. ಎಲ್ಲರೂ ಬೇಕರಿಯವರಿಗೆ 'ಬನ್' ಎಂದು ಹೆಸರಿಟ್ಟಿದ್ದರು. ಈ ಕುಂಯ್‌ಗೆ ಮದ್ದಿದೆ. ವೋಲ್ಟೇಜನ್ನು ಅಲುಗಾಡದಂತೆ ಹಿಡಿಯುವ, ಹೊತ್ತಿದಾಗ ನೇರಳೆ ಬೆಳಕು ಬೀರುವ ಒಂದು ಪುಟ್ಟ ವಾಲ್ವು. ಭಾವನ ಬಳಿ ಬಿಸ್ಕತ್ತಿನ ಡಬ್ಬಿ ತುಂಬ ಅಂಥವೇ ಇವೆ. ವರ್ಷಕ್ಕೊಮ್ಮೆಯಾದರೂ ಒಂದನ್ನು ಹತ್ತಿಯಲ್ಲಿ ಸುತ್ತಿ ಹಲ್ಲಿನ ಡಬ್ಬಿಯಲ್ಲಿಟ್ಟು ಬೇಕರಿಗೆ ಕಳಿಸುತ್ತಿದ್ದರು. ಅದು ಬನ್ನಿನ ಪೊಟ್ಟಣದೊಳಗೆ ಬೆಚ್ಚಗೆ ಕೂತು ವಾಪಸ್ಸು ಬರುತ್ತಿತ್ತು.

"ನೀನು ಮಾಡಿದ ಹಲ್ಲು ಎಲ್ಲರ ಬಾಯಲ್ಲೂ ಒಂದೇ ಥರ ನಗುತ್ತೆ ಕಣೋ," ಎಂದಿದ್ದರು ಬೇಕರಿಯವರು ಒಮ್ಮೆ. "ನನ್ನ ರೇಡಿಯೋನಾದ್ರೂ ನನ್ನ ಥರ ಮಾತಾಡ್ಲಿ ಬಿಡು."

ಭಾವ ಆವತ್ತು ಊಟ ಬಿಟ್ಟಿದ್ದರು.

ಹೋದ ವರ್ಷ ಬೇಕರಿಯವರು ತೀರಿಕೊಂಡರು. ಆ ಮನೆಗೆ ಹೋದಾಗ ಕರೆಗಂಟೆ ತಡವರಿಸಿಯೇ ಬಡಿಯಿತು. ಭಾವ ಚೀಲಕ್ಕೆ ಕೈ ಹಾಕಲಿಲ್ಲ, ಸುಮ್ಮನೆ ಒಳಗೆ ನಡೆದರು. ಅಕ್ಕ ನಿಜಕ್ಕೂ ಹೆದರಿದ್ದು ಆಗ. ಅಂದಿನಿಂದ ಭಾವ ಭಾನುವಾರದ ಕೂಟಕ್ಕೂ ಹೋಗಲಿಲ್ಲ, ಹಾಗಾಗಿ ಸಾವಿನ ಸುದ್ದಿ ಅಲ್ಲಿಗೆ ಮುಟ್ಟಲೇ ಇಲ್ಲ.

ಮೊನ್ನೆ ಬೇಕರಿಯವರ ಮಗಳು ಆ ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಈಗ ಬೇಕರಿ ನಡೆಸುವವಳು ಅವಳೇ. ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ಪಡೆದಿದ್ದಳು. ಬರುವ ಭಾನುವಾರ ಮೊದಲ ಸಲ ಆ ಕೂಟಕ್ಕೆ ಹೋಗುವವಳು, ಹೋದರೆ ಅಪ್ಪನ ಸೆಟ್ಟಿನಲ್ಲೇ ಹೋಗಬೇಕು. ಆದರೆ ಅದು ಸತ್ತು ಬಿದ್ದಿದೆ. ಜೊತೆಗೆ ಅವಳಿಗೊಂದು ಅಂಜಿಕೆ. ಕೂಟದಲ್ಲಿರುವವರೆಲ್ಲ ತಲೆ ನರೆತವರು, ಹೊಸಬಳ ತಪ್ಪಿಗೆ ಕಾದು ಕೂತಿರುತ್ತಾರೆ.

"ಯಾರೂ ನಗೋ ಹಾಗಾಗಬಾರದು ದೊಡ್ಡಪ್ಪ. ನೀವು ಹೇಗೆ ಸರಿ ಅಂತೀರೋ ಹಾಗೆ ಮಾಡಿಕೊಡಿ."

ಆಹಾ! ಜೀವಮಾನವೆಲ್ಲ ಮುತ್ತಿಗೆ ಹಾಕಿದ್ದ ಕೋಟೆ, ಈಗ ಬಾಗಿಲು ತೆರೆದು ಕಾವಲೂ ಇಲ್ಲದೆ ಮುಂದೆ ಕೂತಿದೆ. ಭಾವ ಎಲ್ಲ ಗುಪ್ಪೆಗಳನ್ನೂ ಕರಗಿಸಿ ಸಮತಟ್ಟು ಮಾಡುತ್ತಾರೆಂದು ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ಟ್ರೇಯನ್ನು ಮಗುಚಿ ಬಹಳ ಹೊತ್ತು ನೋಡಿದರು. ಒಣಗಿಹೋದ ಕೆಪ್ಯಾಸಿಟರುಗಳನ್ನು ತೆಗೆಯಲೇಬೇಕಿತ್ತು, ತೆಗೆದರು. ಅಲ್ಲಿ ಹೊಸವನ್ನು ಕೂರಿಸಿ ಬೆಸುಗೆ ಹಾಕಿದರು. ಎಂದಿನಂತೆ ಮುತ್ತಿನ ಹಾಗೆ ಬಂತು. ಹಿಂದೆ ಸರಿದು ನೋಡಿ, ಮುಖ ಹುಳ್ಳಗೆ ಮಾಡಿಕೊಂಡು, ಕರಗಿಸಿ ತೆಗೆದುಬಿಟ್ಟರು. ಮತ್ತೆ ಹಾಕಿದರು, ಇನ್ನೂ ಚೆಂದ ಬಂತು. ಬೈದುಕೊಂಡರು. ಆಗ ನನಗೆ ಹೊಳೆಯಿತು, ಈ ಮಹಾನುಭಾವರು ಕೆಟ್ಟದಾಗಿ ಬೆಸುಗೆ ಹಾಕಲು ಹೆಣಗುತ್ತಿದ್ದಾರೆ! ಕೈ ಕೇಳುತ್ತಿಲ್ಲ. ಕೊನೆಗೆ ಎಡಗೈಯಲ್ಲಿ ಐರನ್ ಹಿಡಿದರು. ಗುಪ್ಪೆ ಬಂತು, ಸುಳಿಯೂ ಬಂತು. ಕಾಫಿ ತಂದ ಅಕ್ಕ ಅದನ್ನು ನೋಡಿ, "ಏನ್ರೀ, ಕಣ್ಣು ಮಂಜಾಯ್ತಾ?" ಎಂದಳು. ಭಾವ ಕನ್ನಡಕ ಒರೆಸಿಕೊಂಡರು.

ಆಮೇಲೆ ಬಿಸ್ಕತ್ತಿನ ಡಬ್ಬಿ ಇಳಿಸಿ ಒಂದು ವಾಲ್ವನ್ನು ಎತ್ತಿ ಬೆಳಕಿಗೆ ಹಿಡಿದರು. ಅದಕ್ಕೆ ಜಾಗ ಟ್ರೇಯಲ್ಲಿ ಬೇಕಾದಷ್ಟಿತ್ತು. ಯಾಕೋ ಮತ್ತೆ ಹತ್ತಿಯಲ್ಲಿ ಸುತ್ತಿ, ಡಬ್ಬಿ ಮುಚ್ಚಿ, ಮೇಲಿನ ಹಲಗೆಯಲ್ಲಿಟ್ಟರು.

ಭಾನುವಾರ ಬೆಳಗ್ಗೆ ಹಲ್ಲುಗಳ ನಡುವೆ ಜಾಗ ಮಾಡಿ ಟ್ರೇ ಇಟ್ಟರು. ಮಗಳು ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೀ ಮುಟ್ಟಿದಳು. ಮೊದಲು, ಇಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುವುದು ಕ್ರಮ. ಒತ್ತಿದಳು. ಕುಂಯ್.

ಅವಳು ಕೆಂಡ ಮುಟ್ಟಿದಂತೆ ಕೈ ತೆಗೆದಳು. ತನ್ನ ಹೆಸರು, ಲೈಸೆನ್ಸಿನ ಗುರುತಿನ ಸಂಕೇತ ಯಾವುದನ್ನೂ ಅವಳಿನ್ನೂ ಕಳಿಸಿರಲಿಲ್ಲ. ಭಾವನ ಕಡೆ ನೋಡಿದಳು. ಭಾವ ಪಾಲಿಷ್ ಚಕ್ರವನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಕಪಾಟಿನ ರೇಡಿಯೋದ ಸ್ಪೀಕರಿನಲ್ಲಿ ದೂರದಿಂದ ಸಣ್ಣಗೆ ಸದ್ದು ಬಂತು, ಅದರ ಮೇಲೆ ಇನ್ನೊಂದು, ಮತ್ತೊಂದು, ಬಸ್ಸಿಗೆ ನುಗ್ಗುವವರ ಹಾಗೆ. ನನಗೆ ಅಕ್ಷರ ತಿಳಿಯಲಿಲ್ಲ. ಮಗಳು ತಲೆ ಬಗ್ಗಿಸಿ ಕೇಳಿಸಿಕೊಂಡಳು.

"'ಬನ್' ಅಂತಿದಾರೆ," ಎಂದಳು. "ಎಲ್ಲರೂ. 'ಬನ್, ಎಲ್ಲಿಗೆ ಹೋಗಿದ್ದೆ ಮಾರಾಯ' ಅಂತ ಕೇಳ್ತಿದಾರೆ."

ಅವಳು ನಿಧಾನವಾಗಿ ಕೀ ಒತ್ತಿ, ಅಪ್ಪ ಇಲ್ಲ, ಇದು ಅವರ ಸೆಟ್ಟು, ನಾನು ಮಗಳು ಎಂದು ಕಳಿಸಿದಳು. ನಡುವೆ ಎರಡು ಕಡೆ ತಪ್ಪಿದಳು. ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ, ಕಲಿಯುವವರಿಗೆ ಕಳಿಸುವಷ್ಟು ನಿಧಾನವಾಗಿ, ಅವಳನ್ನು ಒಳಗೆ ಕರೆದರು.

ಎಲ್ಲ ಮುಗಿದ ಮೇಲೆ ಮಗಳು ಟ್ರೇಯನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದಳು. "ಅದೊಂದು ವಾಲ್ವ್ ಹಾಕಿದ್ರೆ ಈ ಕುಂಯ್ ಹೋಗ್ತಿತ್ತು ಅಂತ ನೀವು ಅಪ್ಪನ ಜೊತೆ ಜಗಳಾನೇ ಆಡ್ತಿದ್ರಂತೆ. ಈಗ ಯಾಕೆ ದೊಡ್ಡಪ್ಪ ಹಾಗೇ ಬಿಟ್ರಿ?"

ಮಹತ್ತಾದ ಮಾತೊಂದು ಬರುತ್ತದೆಂದು ನಾನೂ ಅಕ್ಕನೂ ಉಸಿರು ಬಿಗಿಹಿಡಿದು ಕಾದೆವು. ಬಿಸ್ಕತ್ತಿನ ಡಬ್ಬಿ ಸರಿಯಾಗಿ ಅವಳ ತಲೆಯ ಮೇಲಿತ್ತು. ಭಾವ ಒಂದು ಹಲ್ಲಿನ ಸೆಟ್ಟು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಒಸಡು ಸವರುತ್ತ ಹೇಳಿದರು.

"ಆ ವಾಲ್ವ್ ಸಿಗ್ಲಿಲ್ಲ ಕಣಮ್ಮ."